ಗ್ರಂಥಸೂಚಿಯ ಗಣಕಶೋಧನೆಯಲ್ಲಿ ಮಂದಗತಿ: ಕಾರಣ ಮತ್ತು ಪರಿಹಾರ

ಗ್ರಂಥಭಂಡಾರದ ಬೆಲೆ ಅದರಲ್ಲಿ ಅಡಗಿರುವ ಓಲೆಗಳಿಂದ ಎಷ್ಟೋ, ಆ ಓಲೆಗಳನ್ನು ಬೇಕಾದಾಗ ಎತ್ತಿ ತೋರುವ ಸೂಚಿಯಿಂದಲೂ ಅಷ್ಟೇ. ಸೂಚಿಯಿಲ್ಲದ ಭಂಡಾರದಲ್ಲಿ ಕೃತಿ ಇದ್ದರೂ ಇಲ್ಲದಂತೆಯೇ ಸರಿ. ಈ ಸತ್ಯವನ್ನು ಮನಗಂಡ ವಿದ್ವಾಂಸರು ಹಿಂದಿನಿಂದಲೂ ಸೂಚೀರಚನೆಗೆ ತಮ್ಮ ಆಯುಷ್ಯದ ಬಹುಭಾಗವನ್ನು ವೆಚ್ಚಮಾಡಿದ್ದಾರೆ. ಥಿಯೋಡೋರ್ ಆಫ್ರೆಕ್ಟರು ೧೮೯೧ರಿಂದ ೧೯೦೩ರ ವರೆಗೆ ಮೂರು ಸಂಪುಟಗಳಲ್ಲಿ ಪ್ರಕಟಿಸಿದ ಮಹಾಸೂಚಿ, ಪುಣೆಯ ಭಾಂಡಾರಕರ್ ಸಂಸ್ಥೆಯಿಂದ ೧೯೪೪ರಲ್ಲಿ ಹೊರಬಂದ ಎಚ್. ಡಿ. ವೇಲಣಕರರ ಜಿನರತ್ನಕೋಶ, ಮೂಡುಬಿದಿರೆ ಕಾರ್ಕಳ ಮೊದಲಾದೆಡೆಗಳ ಓಲೆಗಳನ್ನು ವಿವರಿಸಿ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ೧೯೪೮ರಲ್ಲಿ ಭಾರತೀಯ ಜ್ಞಾನಪೀಠದ ಮೂಲಕ ಹೊರತಂದ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ, ಇವೆಲ್ಲ ಆ ಶ್ರಮದ ಫಲಗಳು.

ಇಂದು ಈ ಬಗೆಯ ಸೂಚಿಗಳು ಗಣಕದ ದತ್ತಸಂಚಯಗಳಾಗಿ ಮಾರ್ಪಡುತ್ತಿವೆ. ೨೦೦೩ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವು ದೇಶವ್ಯಾಪಿಯಾಗಿ ಪ್ರತಿಗಳ ವಿವರವನ್ನು ಗಣಕಕ್ಕೆ ಏರಿಸುವ ಕಾರ್ಯವನ್ನು ಕೈಗೊಂಡಿತು. ೨೦೨೫-೨೬ರ ಕೇಂದ್ರ ಆಯವ್ಯಯದಲ್ಲಿ ಘೋಷಿತವಾದ ಜ್ಞಾನ ಭಾರತಂ ಯೋಜನೆಯು ಒಂದು ಕೋಟಿಗೂ ಮಿಕ್ಕ ಹಸ್ತಪ್ರತಿಗಳನ್ನು ತನ್ನ ಗುರಿಯಾಗಿ ಇಟ್ಟುಕೊಂಡಿದೆ. ಹೀಗೆ ಸಂಖ್ಯೆ ಬೆಳೆದಂತೆ ಒಂದು ತೊಡಕು ತಲೆದೋರುತ್ತದೆ. ಕೆಲವು ನೂರು ಪ್ರತಿಗಳಿದ್ದಾಗ ಕ್ಷಣಮಾತ್ರದಲ್ಲಿ ಉತ್ತರ ಕೊಡುತ್ತಿದ್ದ ಗಣಕವು, ಪ್ರತಿಗಳು ಹಲವು ಸಾವಿರವಾದೊಡನೆ ಗಂಟೆಗಟ್ಟಲೆ ತಡೆಯುತ್ತದೆ. ಒಮ್ಮೊಮ್ಮೆ ಇರುಳೆಲ್ಲ ಓಡಿಯೂ ಮುಗಿಯುವುದಿಲ್ಲ.

ಇದನ್ನು ಕೇವಲ ಯಂತ್ರದ ಸಮಸ್ಯೆಯೆಂದು ತಳ್ಳಿಹಾಕುವಂತಿಲ್ಲ. ಸ್ವಾಧ್ಯಾಯದ ಐದು ಅಂಗಗಳಲ್ಲಿ ವಾಚನೆಯ ಅನಂತರದ ಸ್ಥಾನ ಪೃಚ್ಛನೆಯದು. ಸಂಶಯವನ್ನು ನೀಗಲು ಅಥವಾ ನಿಶ್ಚಯವನ್ನು ದೃಢಪಡಿಸಲು ಕೇಳುವುದೇ ಪೃಚ್ಛನೆ. ಒಂದು ಪ್ರಶ್ನೆಗೆ ಇರುಳೆಲ್ಲ ಕಾಯಬೇಕಾದರೆ ಸಂಶೋಧಕನು ಒಮ್ಮೆ ಕೇಳಿ ಸುಮ್ಮನಾಗುತ್ತಾನೆ. ಅದೇ ಉತ್ತರ ಒಡನೆಯೇ ದೊರೆತರೆ ಪ್ರಶ್ನೆಯನ್ನು ತಿದ್ದಿ, ಬೇರೊಂದು ಬಗೆಯಲ್ಲಿ ಮತ್ತೆ ಕೇಳುತ್ತಾನೆ. ಕಾಣದೆ ಉಳಿದ ಪ್ರತಿಯು ಬಹುತೇಕ ಈ ಎರಡನೆಯ, ಮೂರನೆಯ ಪ್ರಶ್ನೆಗೇ ಸಿಕ್ಕುವಂಥದು. ಧವಲಾ, ಜಯಧವಲಾ, ಮಹಾಬಂಧಗಳಂಥ ಸಿದ್ಧಾಂತಗ್ರಂಥಗಳು ಮೂಡುಬಿದಿರೆಯ ಸಿದ್ಧಾಂತ ಬಸದಿಯ ತಾಡವೋಲೆಗಳ ಆಧಾರದಿಂದಲೇ ಲೋಕಕ್ಕೆ ಉಳಿದುಬಂದುದನ್ನು ನೆನೆದರೆ ಒಂದೊಂದು ಪ್ರತಿಯ ಮಹತ್ತ್ವವೂ ವಿದಿತವಾಗುತ್ತದೆ. ಆದುದರಿಂದ ಶೋಧನೆಯ ಮಂದಗತಿಗೆ ಕಾರಣವೇನು, ಪರಿಹಾರವೇನು, ಆ ಪರಿಹಾರದಲ್ಲಿ ಪಂಡಿತರ ಪಾಲೆಷ್ಟು ಎಂಬುದನ್ನು ವಿಚಾರಿಸುವುದು ಉಚಿತವಾಗಿದೆ.

೧. ಪರಿಭಾಷೆ ಮತ್ತು ದತ್ತಸಂಚಯದ ರಚನೆ

ಮೊದಲು ಪದಗಳ ವಿಷಯ. ಹಸ್ತಪ್ರತಿಶಾಸ್ತ್ರದಲ್ಲಿ ಸ್ಕ್ರಿಪ್ಟ್ ಎಂದರೆ ಲಿಪಿ. ಗಣಕದವರ ಮಾತಿನಲ್ಲಿ ಸ್ಕ್ರಿಪ್ಟ್ ಎಂದರೆ ಯಂತ್ರವು ಒಂದಾದಮೇಲೊಂದರಂತೆ ನಡೆಸಬೇಕಾದ ಆಜ್ಞೆಗಳ ಸಾಲು. ಪೈಥಾನ್ ಮೊದಲಾದ ಗಣಕಭಾಷೆಗಳಲ್ಲಿ ಇದನ್ನು ಬರೆಯುವುದುಂಟು. ಗೊಂದಲವಾಗದಿರಲೆಂದು ಇಲ್ಲಿ ಅದನ್ನು ಆಜ್ಞಾವಳಿ ಎಂದೂ, ಆಜ್ಞಾವಳಿಯು ದತ್ತಸಂಚಯಕ್ಕೆ ಕೇಳುವ ಪ್ರಶ್ನೆಯನ್ನು ಪೃಚ್ಛೆ ಎಂದೂ, ದತ್ತಸಂಚಯದೊಳಗಿನ ಇಂಡೆಕ್ಸನ್ನು ಅನುಕ್ರಮಣಿ ಎಂದೂ ಕರೆಯಲಾಗಿದೆ. ಗ್ರಂಥಸೂಚಿ ಎಂಬುದು ಎಂದಿನ ಅರ್ಥದಲ್ಲಿಯೇ ಬಂದಿದೆ.

ಇಂದಿನ ದತ್ತಸಂಚಯಗಳಲ್ಲಿ ಹೆಚ್ಚಿನವು ಇ. ಎಫ್. ಕಾಡ್ ೧೯೭೦ರಲ್ಲಿ ಪ್ರತಿಪಾದಿಸಿದ ಸಂಬಂಧಾತ್ಮಕ ಕ್ರಮವನ್ನು ಅನುಸರಿಸುತ್ತವೆ. ಇದರಂತೆ ಎಲ್ಲ ವಿವರಗಳೂ ಕೋಷ್ಟಕಗಳಲ್ಲಿ ಅಡಕವಾಗಿರುತ್ತವೆ. ಹಸ್ತಪ್ರತಿ ಸೂಚಿಗೆ ಕನಿಷ್ಠ ನಾಲ್ಕು ಕೋಷ್ಟಕಗಳು ಬೇಕು: ಭಂಡಾರ, ಪ್ರತಿ, ಕೃತಿ, ಕರ್ತೃ. ಒಂದೇ ಕಟ್ಟಿನಲ್ಲಿ ಅನೇಕ ಕೃತಿಗಳಿರುವುದೂ ಒಂದೇ ಕೃತಿಗೆ ಅನೇಕ ಪ್ರತಿಗಳಿರುವುದೂ ಸಾಮಾನ್ಯವಾದ್ದರಿಂದ, ಯಾವ ಕಟ್ಟಿನ ಯಾವ ಗರಿಯಿಂದ ಯಾವ ಗರಿಯ ವರೆಗೆ ಯಾವ ಕೃತಿ ಎಂಬುದನ್ನು ತಿಳಿಸುವ ಕೊಂಡಿಯ ಕೋಷ್ಟಕವೂ ಅಗತ್ಯ.

ಇದಲ್ಲದೆ ನಾಮಾಂತರಗಳ ಕೋಷ್ಟಕವೊಂದು ಪ್ರತ್ಯೇಕವಾಗಿ ಇರಲೇಬೇಕು. ತತ್ತ್ವಾರ್ಥಸೂತ್ರವು ಮೋಕ್ಷಶಾಸ್ತ್ರವೆಂದೂ, ಆಪ್ತಮೀಮಾಂಸೆಯು ದೇವಾಗಮಸ್ತೋತ್ರವೆಂದೂ, ಮಹಾಬಂಧವು ಮಹಾಧವಲವೆಂದೂ, ವಡ್ಡಾರಾಧನೆಯು ಉಪಸರ್ಗಕೇವಲಿಗಳ ಕಥೆಯೆಂದೂ ಸೂಚಿಗಳಲ್ಲಿ ಬರುತ್ತವೆ. ದೇವನಂದಿ, ಪೂಜ್ಯಪಾದ, ಜಿನೇಂದ್ರಬುದ್ಧಿ ಎಂಬ ಮೂರು ಹೆಸರುಗಳು ಒಬ್ಬರೇ ಆಚಾರ್ಯರವು. ಇದಕ್ಕೆ ವಿಪರ್ಯಯವಾಗಿ ಆದಿಪುರಾಣವೆಂಬ ಒಂದೇ ಹೆಸರು ಜಿನಸೇನರ ಸಂಸ್ಕೃತ ಕೃತಿಗೂ ಪಂಪನ ಕನ್ನಡ ಕಾವ್ಯಕ್ಕೂ ಸಲ್ಲುತ್ತದೆ. ಗೃಧ್ರಪಿಚ್ಛವೆಂಬುದು ಉಮಾಸ್ವಾತಿಗಳಿಗೂ ಕೆಲವು ಪಟ್ಟಿಗಳಲ್ಲಿ ಕುಂದಕುಂದರಿಗೂ ಬಂದಿದೆ. ಹೆಸರನ್ನೇ ನೆಚ್ಚಿ ಶೋಧಿಸಿದರೆ ಇರುವುದು ತಪ್ಪಿಹೋಗುತ್ತದೆ, ಬೇಡದ್ದು ಬಂದು ಸೇರುತ್ತದೆ. ಆದುದರಿಂದಲೇ ಸೂಚಿಕಾರರು ಹೆಸರಿನೊಡನೆ ಆದಿಭಾಗ, ಅಂತ್ಯಭಾಗ, ಪುಷ್ಪಿಕೆಗಳನ್ನು ದಾಖಲಿಸುತ್ತ ಬಂದಿದ್ದಾರೆ. ಒಂದು ಪ್ರತಿಯ ಆದಿಭಾಗವನ್ನು ಉಳಿದೆಲ್ಲ ಪ್ರತಿಗಳ ಆದಿಭಾಗಗಳೊಡನೆ ಹೋಲಿಸಿ ಒಂದೇ ಕೃತಿಯ ಪ್ರತಿಗಳನ್ನು ಗುರುತಿಸುವುದು ಆಜ್ಞಾವಳಿಗಳಿಗೆ ವಹಿಸಬಹುದಾದ ಮುಖ್ಯ ಕೆಲಸ. ಮಂದಗತಿಯು ಎದ್ದು ಕಾಣುವುದೂ ಇಲ್ಲಿಯೇ.

೨. ಮಂದಗತಿಯ ಮೂಲಕಾರಣ

ದೃಷ್ಟಾಂತಕ್ಕಾಗಿ ೧೨,೦೦೦ ಪ್ರತಿಗಳ ದತ್ತಸಂಚಯವೊಂದನ್ನು ಊಹಿಸಿಕೊಳ್ಳಬಹುದು. ಆಜ್ಞಾವಳಿಯು ಮೊದಲನೆಯ ಪ್ರತಿಯ ಆದಿಭಾಗವನ್ನು ತೆಗೆದುಕೊಂಡು, ಇದೇ ಆದಿಭಾಗವುಳ್ಳ ಬೇರೆ ಪ್ರತಿಗಳಾವುವು ಎಂದು ಕೇಳುತ್ತದೆ. ಆ ಅಂಕಣಕ್ಕೆ ಅನುಕ್ರಮಣಿ ಇಲ್ಲದಿದ್ದರೆ ಯಂತ್ರಕ್ಕೆ ದಾರಿ ಒಂದೇ: ಮೊದಲ ಸಾಲಿನಿಂದ ಕೊನೆಯ ಸಾಲಿನ ವರೆಗೆ ೧೨,೦೦೦ ಸಾಲುಗಳನ್ನೂ ಓದುವುದು. ಎರಡನೆಯ ಪ್ರತಿಗೂ ಹಾಗೆಯೇ, ಮೂರನೆಯದಕ್ಕೂ ಹಾಗೆಯೇ. ಎಲ್ಲ ಪ್ರತಿಗಳ ಸರದಿ ಮುಗಿಯುವ ಹೊತ್ತಿಗೆ ೧೪ ಕೋಟಿ ೪೦ ಲಕ್ಷ ಸಾಲುಗಳ ವಾಚನವಾಗಿರುತ್ತದೆ. ಪ್ರತಿಗಳು ಇಮ್ಮಡಿಯಾದರೆ ಈ ಶ್ರಮ ನಾಲ್ಮಡಿಯಾಗುತ್ತದೆ, ಹತ್ತರಷ್ಟಾದರೆ ನೂರರಷ್ಟಾಗುತ್ತದೆ. ಚಿಕ್ಕ ಸಂಗ್ರಹದಲ್ಲಿ ಮರೆಯಾಗಿದ್ದ ದೋಷವು ದೊಡ್ಡ ಸಂಗ್ರಹದಲ್ಲಿ ಪ್ರಕಟವಾಗುವುದು ಈ ಕಾರಣದಿಂದ.

ಸೂಚಿಯಿಲ್ಲದ ಭಂಡಾರದಲ್ಲಿ ಒಂದು ಗ್ರಂಥಕ್ಕಾಗಿ ಪ್ರತಿಯೊಂದು ಕಟ್ಟನ್ನೂ ಬಿಚ್ಚಿ ನೋಡಿ ಮತ್ತೆ ಕಟ್ಟಿಡುವುದಕ್ಕೂ ಇದಕ್ಕೂ ಭೇದವಿಲ್ಲ. ಅಲ್ಲಿ ಬಿಚ್ಚುವವನ ಕೈ ಚುರುಕಾದರೆ ಸ್ವಲ್ಪ ಹೊತ್ತು ಉಳಿದೀತು. ಇಲ್ಲಿ ಹೆಚ್ಚು ಬಲದ ಯಂತ್ರವನ್ನು ಕೊಂಡರೆ ಸ್ವಲ್ಪ ಹೊತ್ತು ಉಳಿದೀತು. ಆದರೆ ಎಲ್ಲ ಕಟ್ಟುಗಳನ್ನೂ ಬಿಚ್ಚಬೇಕಾದ ಅವಸ್ಥೆ ಮಾತ್ರ ತಪ್ಪದು. ಆದುದರಿಂದ ಹೊಸ ಯಂತ್ರದ ಆಲೋಚನೆ ಕಡೆಯದಾಗಿರಬೇಕೇ ಹೊರತು ಮೊದಲನೆಯದಲ್ಲ.

ಯಾವ ಪೃಚ್ಛೆಗೆ ಯಂತ್ರವು ಯಾವ ದಾರಿ ಹಿಡಿಯುತ್ತದೆ ಎಂಬುದನ್ನು ಊಹೆಯಿಂದ ಹೇಳಬೇಕಾಗಿಲ್ಲ. ಪ್ರಸಿದ್ಧವಾದ ಅನೇಕ ದತ್ತಸಂಚಯ ವ್ಯವಸ್ಥೆಗಳಲ್ಲಿ ಎಕ್ಸ್‌ಪ್ಲೇನ್ ಎಂಬ ಆದೇಶವಿದೆ. ಇದನ್ನು ಪೃಚ್ಛೆಯ ಮುಂದೆ ಸೇರಿಸಿದರೆ ಯಂತ್ರವು ತಾನು ನಡೆಯುವ ಬಗೆಯನ್ನು ನಿವೇದಿಸುತ್ತದೆ. ರಿಚರ್ಡ್ ಹಿಪ್ ೨೦೦೦ದಲ್ಲಿ ಬಿಡುಗಡೆ ಮಾಡಿದ ಎಸ್‌ಕ್ಯೂಲೈಟ್ ಇಡೀ ಸಂಗ್ರಹವನ್ನು ಒಂದೇ ಕಡತದಲ್ಲಿ ಇರಿಸುವುದರಿಂದ ಚಿಕ್ಕ ಸಂಸ್ಥೆಗಳಿಗೆ ಅನುಕೂಲವಾದುದು. ಅದರಲ್ಲಿ ಎಕ್ಸ್‌ಪ್ಲೇನ್ ಕ್ವೆರಿ ಪ್ಲಾನ್ ಎಂಬ ಆದೇಶಕ್ಕೆ ಸ್ಕ್ಯಾನ್ ಎಂಬ ಉತ್ತರ ಬಂದರೆ ಎಲ್ಲ ಸಾಲುಗಳನ್ನೂ ಓದುತ್ತಿದೆ ಎಂದೂ, ಸರ್ಚ್ ಎಂದು ಬಂದರೆ ಅನುಕ್ರಮಣಿಯ ಮೂಲಕ ಅಥವಾ ಸಾಲಿನ ಕ್ರಮಸಂಖ್ಯೆಯ ಮೂಲಕ ನೇರವಾಗಿ ಹೋಗುತ್ತಿದೆ ಎಂದೂ ತಿಳಿಯಬೇಕು. ಆಜ್ಞಾವಳಿಯ ಯಾವ ಹಂತಕ್ಕೆ ಎಷ್ಟು ಕಾಲ ಹಿಡಿಯಿತೆಂಬುದನ್ನು ಅಳೆದು, ಹೆಚ್ಚು ಕಾಲ ತಿನ್ನುವ ಪೃಚ್ಛೆಯನ್ನು ಎಕ್ಸ್‌ಪ್ಲೇನಿನಿಂದ ಪರೀಕ್ಷಿಸಿ, ಅನಂತರವೇ ಚಿಕಿತ್ಸೆಗೆ ತೊಡಗುವುದು ಕ್ರಮ.

೩. ಅನುಕ್ರಮಣಿಯ ಗುಣ ಮತ್ತು ಮಿತಿ

ಅಕಾರಾದಿಯಾಗಿ ಜೋಡಿಸಿದ ಪಟ್ಟಿಯಲ್ಲಿ ಬೇಕಾದ ಹೆಸರನ್ನು ಹುಡುಕುವಾಗ ಯಾರೂ ಮೊದಲ ಪುಟದಿಂದ ಓದುವುದಿಲ್ಲ. ನಡುವೆ ತೆರೆದು, ಬೇಕಾದುದು ಹಿಂದೆಯೋ ಮುಂದೆಯೋ ಎಂದು ನೋಡಿ, ಅರ್ಧವನ್ನು ಕೈಬಿಡುತ್ತಾರೆ. ಹೀಗೆ ಅರ್ಧರ್ಧವನ್ನು ಬಿಡುತ್ತ ಹೋದರೆ ೧೨,೦೦೦ ನಮೂದುಗಳಲ್ಲಿ ಒಂದನ್ನು ಹೆಚ್ಚೆಂದರೆ ೧೪ ಹೆಜ್ಜೆಗಳಲ್ಲಿ ಮುಟ್ಟಬಹುದು. ಒಂದು ಕೋಟಿ ನಮೂದುಗಳಿದ್ದರೂ ೨೪ ಹೆಜ್ಜೆಗಳು ಸಾಕು. ಮೇಲಿನ ದೃಷ್ಟಾಂತದ ೧೪ ಕೋಟಿ ೪೦ ಲಕ್ಷ ವಾಚನಗಳು ಈ ಕ್ರಮದಿಂದ ೧ ಲಕ್ಷ ೬೮ ಸಾವಿರ ಹೆಜ್ಜೆಗಳಿಗೆ ಇಳಿಯುತ್ತವೆ. ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್ರೈಟ್ ಎಂಬವರು ೧೯೭೨ರಲ್ಲಿ ಪ್ರಕಟಿಸಿದ ಬಿ-ಟ್ರೀ ಎಂಬ ವೃಕ್ಷರೂಪದ ರಚನೆಯು ಈ ತತ್ತ್ವದ ವಿಸ್ತಾರ. ಒಂದೊಂದು ಕವಲಿನಲ್ಲಿಯೂ ಅನೇಕ ನಮೂದುಗಳನ್ನು ಒಟ್ಟಿಗೆ ಇಡುವುದರಿಂದ ವೃಕ್ಷದ ಎತ್ತರ ಬಹು ಕಡಿಮೆಯಾಗಿ, ತಟ್ಟೆಯಿಂದ ಓದಬೇಕಾದ ಸಲಗಳು ಮತ್ತೂ ತಗ್ಗುತ್ತವೆ. ಇಂದಿನ ದತ್ತಸಂಚಯಗಳ ಸಾಮಾನ್ಯ ಅನುಕ್ರಮಣಿಗಳು ಈ ಜಾತಿಯವೇ.

ಆದರೆ ಅನುಕ್ರಮಣಿಯನ್ನು ರಚಿಸಿದ ಮಾತ್ರಕ್ಕೆ ಕಾರ್ಯವಾಯಿತೆಂದು ತಿಳಿಯಬಾರದು. ಅದು ಯಾವ ಅಂಕಣದ ಮೇಲೆ, ಯಾವ ರೂಪದಲ್ಲಿ ಇರಬೇಕೆಂಬುದು ವಿಷಯಜ್ಞಾನದಿಂದ ನಿರ್ಣಯವಾಗತಕ್ಕದ್ದು. ಇದಕ್ಕೆ ಆದಿಭಾಗವೇ ಉತ್ತಮ ನಿದರ್ಶನ. ಆದಿಭಾಗದ ಮೊದಲ ಹತ್ತು ಹನ್ನೆರಡು ಅಕ್ಷರಗಳ ಮೇಲೆ ಅನುಕ್ರಮಣಿ ಮಾಡಿದರೆ ಸಾಕೆಂದು ಗಣಕದವನು ಭಾವಿಸುವುದು ಸಹಜ. ಆದರೆ ಜೈನ ಓಲೆಗಳಲ್ಲಿ ಎಷ್ಟೋ ಪ್ರತಿಗಳು ಶ್ರೀವೀತರಾಗಾಯ ನಮಃ ಎಂಬ ಲಿಪಿಕಾರನ ನಮಸ್ಕಾರದಿಂದಲೇ ತೊಡಗುತ್ತವೆ. ಅದರ ಬೆನ್ನಿಗೆ ನಿರ್ವಿಘ್ನಮಸ್ತು ಎಂಬ ಆಶಂಸೆಯೂ ಬರುವುದುಂಟು. ಇವನ್ನು ಸೇರಿಸಿಕೊಂಡು ಅನುಕ್ರಮಣಿ ರಚಿಸಿದರೆ ಸಾವಿರಾರು ಪ್ರತಿಗಳು ಒಂದೇ ಕೀಲಿಯ ಕೆಳಗೆ ಬಂದು ಬೀಳುತ್ತವೆ. ಆಗ ಅನುಕ್ರಮಣಿ ಇದ್ದೂ ಇಲ್ಲದಂತಾಗುತ್ತದೆ. ಲಿಪಿಕಾರನ ಮಾತು ಎಲ್ಲಿಗೆ ಮುಗಿಯುತ್ತದೆ, ಕೃತಿಕಾರನ ಮಂಗಲಾಚರಣೆ ಎಲ್ಲಿಂದ ಮೊದಲಾಗುತ್ತದೆ ಎಂಬುದನ್ನು ಬಲ್ಲವರು ಪಂಡಿತರು. ಅವರು ಆ ಗೆರೆಯನ್ನು ಎಳೆದುಕೊಟ್ಟ ಮೇಲೆ ನಮಸ್ಕಾರವಾಕ್ಯವನ್ನು ಒಂದು ಅಂಕಣದಲ್ಲಿ, ಕೃತಿಯ ಆದಿಯನ್ನು ಇನ್ನೊಂದು ಅಂಕಣದಲ್ಲಿ ಇರಿಸಿ ಎರಡನೆಯದಕ್ಕೆ ಅನುಕ್ರಮಣಿ ರಚಿಸಿದರೆ ಒಂದೊಂದು ಕೀಲಿಗೂ ಕೆಲವೇ ಪ್ರತಿಗಳು ದೊರೆಯುತ್ತವೆ. ಬೇರ್ಪಡಿಸುವ ಶಕ್ತಿಯೇ ಅನುಕ್ರಮಣಿಯ ಜೀವಾಳ. ಲಿಪಿ, ಓಲೆ ಅಥವಾ ಕಾಗದ ಎಂಬಂಥ ಎರಡು ಮೂರೇ ಮೌಲ್ಯಗಳುಳ್ಳ ಅಂಕಣಗಳಿಗೆ ಅನುಕ್ರಮಣಿಯಿಂದ ಹೆಚ್ಚಿನ ಪ್ರಯೋಜನವಿಲ್ಲದಿರುವುದೂ ಇದರಿಂದಲೇ.

ಎರಡು ಅಂಕಣಗಳನ್ನು ಕೂಡಿಸಿದ ಅನುಕ್ರಮಣಿಯಲ್ಲಿ ಪೂರ್ವಾಪರವು ಮುಖ್ಯ. ಭಂಡಾರ, ಆಮೇಲೆ ಕಟ್ಟಿನ ಸಂಖ್ಯೆ ಎಂಬ ಕ್ರಮದ ಅನುಕ್ರಮಣಿಯು ಭಂಡಾರ ತಿಳಿದಿರುವ ಪೃಚ್ಛೆಗೆ ಉಪಕರಿಸುತ್ತದೆ. ಕಟ್ಟಿನ ಸಂಖ್ಯೆ ಮಾತ್ರ ತಿಳಿದಿದ್ದರೆ ಅದರ ಉಪಯೋಗ ಸಾಮಾನ್ಯವಾಗಿ ದೊರೆಯದು. ಆದಿಯಿಂದ ಜೋಡಿಸಿದ ನಿಘಂಟಿನಲ್ಲಿ ಅಂತ್ಯಾಕ್ಷರದಿಂದ ಪದವನ್ನು ಹುಡುಕಲಾಗದು ಎಂಬ ನ್ಯಾಯವೇ ಇಲ್ಲಿಯೂ ಅನ್ವಯಿಸುತ್ತದೆ. ಪುರಾಣ ಎಂಬ ಪದದಿಂದ ಮುಗಿಯುವ ಎಲ್ಲ ಹೆಸರುಗಳನ್ನು ಕೇಳಿದರೆ ಸಾಮಾನ್ಯ ಅನುಕ್ರಮಣಿ ನೆರವಿಗೆ ಬಾರದೆ ಯಂತ್ರವು ಮತ್ತೆ ಎಲ್ಲ ಸಾಲುಗಳನ್ನೂ ಓದುತ್ತದೆ. ಮೊದಲ ಗರಿ ಮುರಿದು ಅಂತ್ಯಭಾಗ ಮಾತ್ರ ಉಳಿದ ಪ್ರತಿಗಳು ಬಹಳವಿರುವುದರಿಂದ ಇಂಥ ಪೃಚ್ಛೆ ಅಪರೂಪವಲ್ಲ. ಇದಕ್ಕೆ ಉಪಾಯ, ಅಕ್ಷರಗಳನ್ನು ಕೊನೆಯಿಂದ ಮೊದಲಿಗೆ ತಿರುಗಿಸಿ ಬರೆದ ಪ್ರತ್ಯೇಕ ಅಂಕಣವನ್ನಿಟ್ಟು ಅದಕ್ಕೆ ಅನುಕ್ರಮಣಿ ರಚಿಸುವುದು. ಪಾಠದ ನಡುವೆ ಎಲ್ಲಿಯಾದರೂ ಬರುವ ಪದಕ್ಕಾಗಿ ಪೂರ್ಣಪಾಠದ ಅನುಕ್ರಮಣಿ ಎಂಬ ಬೇರೆ ಏರ್ಪಾಡಿದೆ. ಆದರೆ ಅದು ಸಾಮಾನ್ಯವಾಗಿ ಪದಗಳನ್ನು ತೆರಪಿನಿಂದ ಬಿಡಿಸುತ್ತದೆ. ಸಂಧಿಸಮಾಸಗಳಿಂದ ಬೆಸೆದ ಸಂಸ್ಕೃತ ಹಾಗೂ ಹಳಗನ್ನಡ ಪಾಠಗಳಿಗೆ, ಎಡೆಬಿಡದೆ ಬರೆದ ಓಲೆಗಳಿಗೆ, ಮೂರು ಮೂರು ಅಕ್ಷರಗಳ ತುಣುಕುಗಳ ಮೇಲೆ ರಚಿಸಿದ ಅನುಕ್ರಮಣಿಯೇ ಹೆಚ್ಚು ಒಪ್ಪುತ್ತದೆ.

ಹಾಗೆಂದು ಎಲ್ಲ ಅಂಕಣಗಳಿಗೂ ಅನುಕ್ರಮಣಿ ಹಚ್ಚುವುದು ತರವಲ್ಲ. ಹೊಸ ಪ್ರತಿಯೊಂದನ್ನು ಸೇರಿಸಿದಾಗಲೆಲ್ಲ ಅದಕ್ಕೆ ಸಂಬಂಧಿಸಿದ ಎಲ್ಲ ಅನುಕ್ರಮಣಿಗಳನ್ನೂ ತಿದ್ದಬೇಕಾಗುವುದರಿಂದ ದಾಖಲೆಯ ಕೆಲಸ ನಿಧಾನಿಸುತ್ತದೆ. ನಿಜವಾಗಿ ಕೇಳಲಾಗುವ ಪೃಚ್ಛೆಗಳು ಯಾವುವೋ ಅವುಗಳಿಗೆ ಬೇಕಾದಷ್ಟು ಮಾತ್ರ ಇರಬೇಕು.

೪. ಮೂಲಪಾಠ ಮತ್ತು ಶೋಧನಕೀಲಿ

ಅನುಕ್ರಮಣಿಯಿದ್ದರೂ ಯಂತ್ರವು ಅದನ್ನು ಬಳಸದೆ ಬಿಡುವ ಸಂದರ್ಭವೊಂದುಂಟು. ಓಲೆಗಳ ಬರಹದಲ್ಲಿ ರೂಪಭೇದಗಳು ಹೇರಳ. ಧರ್ಮ ಎಂಬುದು ಧರ್ಮ್ಮ ಎಂದೂ, ಪೂರ್ವ ಎಂಬುದು ಪೂರ್ವ್ವ ಎಂದೂ ಇಮ್ಮಡಿಸಿರುತ್ತದೆ. ಅನುಸ್ವಾರದ ಎಡೆಯಲ್ಲಿ ವರ್ಗದ ಅನುನಾಸಿಕ, ಅನುನಾಸಿಕದ ಎಡೆಯಲ್ಲಿ ಅನುಸ್ವಾರ ಕಾಣುತ್ತದೆ. ಎಕಾರ ಒಕಾರಗಳ ಹ್ರಸ್ವದೀರ್ಘ ಭೇದವನ್ನು ಬಹುಪಾಲು ಹಳೆಯ ಪ್ರತಿಗಳು ತೋರುವುದಿಲ್ಲ. ಱಕಾರ ರಕಾರಗಳು, ೞಕಾರ ಳಕಾರಗಳು, ಶ ಷ ಸ ಗಳು ಒಂದರ ಸ್ಥಾನದಲ್ಲಿ ಇನ್ನೊಂದು ಬರುತ್ತವೆ. ಇದನ್ನು ಅರಿತ ಆಜ್ಞಾವಳಿಕಾರನು ಪೃಚ್ಛೆಯೊಳಗೇ ಪ್ರತಿಯೊಂದು ಪಾಠವನ್ನೂ ಏಕರೂಪಕ್ಕೆ ತಂದು ಹೋಲಿಸುವಂತೆ ಬರೆಯುತ್ತಾನೆ. ಆಗ ಅನುಕ್ರಮಣಿ ಇರುವುದು ಮೂಲರೂಪಕ್ಕೆ, ಹೋಲಿಕೆ ನಡೆಯುವುದು ಮಾರ್ಪಡಿಸಿದ ರೂಪಕ್ಕೆ; ಪರಿಣಾಮವಾಗಿ ಯಂತ್ರವು ಅನುಕ್ರಮಣಿಯನ್ನು ಬದಿಗಿಟ್ಟು ಒಂದೊಂದು ಸಾಲನ್ನೂ ಓದಿ, ಮಾರ್ಪಡಿಸಿ, ಹೋಲಿಸತೊಡಗುತ್ತದೆ.

ಇದಕ್ಕೆ ಪರಿಹಾರ ಸುಲಭ. ಮಾರ್ಪಾಡನ್ನು ಪ್ರತಿ ಪೃಚ್ಛೆಯಲ್ಲಿಯೂ ಮಾಡುವ ಬದಲು ದಾಖಲಿಸುವಾಗಲೇ ಒಮ್ಮೆ ಮಾಡಿ, ಫಲವನ್ನು ಶೋಧನಕೀಲಿ ಎಂಬ ಬೇರೊಂದು ಅಂಕಣದಲ್ಲಿ ಇಟ್ಟು, ಅದಕ್ಕೆ ಅನುಕ್ರಮಣಿ ರಚಿಸಬೇಕು. ಕೇಳುವ ಪದವನ್ನೂ ಅದೇ ನಿಯಮಗಳಿಂದ ಕೀಲಿಯಾಗಿಸಿ ಹೋಲಿಸಬೇಕು.

ಕೀಲಿಯ ರಚನೆಯಲ್ಲಿ ಕಣ್ಣಿಗೆ ಕಾಣದ ಭೇದಗಳೂ ಇವೆ. ಯೂನಿಕೋಡ್ ಸಂಕೇತಕ್ರಮದಲ್ಲಿ ಕೊ ಎಂಬ ಅಕ್ಷರದ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವಗಳ ಎರಡು ಸಂಕೇತಗಳಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಯಂತ್ರದ ಹೋಲಿಕೆಯಲ್ಲಿ ಬೇರೆ ಬೇರೆ. ಒತ್ತಕ್ಷರವನ್ನು ಬಿಡಿಸಲು ಅಥವಾ ಕೂಡಿಸಲು ಹಾಕುವ ಅಗೋಚರ ಸಂಕೇತಗಳದೂ ಇದೇ ಕಥೆ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾದ ಪಟ್ಟಿಗಳನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಇವನ್ನು ಸಮೀಕರಿಸುವುದರಲ್ಲಿ ಪಾಠಕ್ಕೆ ಯಾವ ಹಾನಿಯೂ ಇಲ್ಲ.

ಹಾನಿಯ ಸಂಭವವಿರುವುದು ಅಕ್ಷರಗಳನ್ನೇ ಒಂದಾಗಿಸುವಲ್ಲಿ. ಶಕಾರ ಸಕಾರಗಳನ್ನು ಒಂದೆಂದು ಎಣಿಸಿದರೆ ಸಕಲ ಮತ್ತು ಶಕಲ ಒಂದಾಗುತ್ತವೆ; ಒಂದು ಪೂರ್ಣವನ್ನೂ ಮತ್ತೊಂದು ಚೂರನ್ನೂ ಹೇಳುವ ಪದಗಳು. ಸಂಸ್ಕೃತದಲ್ಲಿ ಹ್ರಸ್ವ ಒಕಾರವಿಲ್ಲದ ಕಾರಣ ಅಲ್ಲಿ ಹ್ರಸ್ವದೀರ್ಘಗಳನ್ನು ಒಂದಾಗಿಸಿದರೆ ಬಾಧಕವಿಲ್ಲ. ಕನ್ನಡದಲ್ಲಿ ಕೊಡು ಮತ್ತು ಕೋಡು ಬೆರೆತುಹೋಗುತ್ತವೆ. ಆದುದರಿಂದ ಎರಡು ಕೀಲಿಗಳನ್ನು ಇರಿಸುವುದು ಒಳ್ಳೆಯದು. ರೇಫದ ಮುಂದಿನ ದ್ವಿತ್ವ, ಅನುಸ್ವಾರ ಮುಂತಾದ ನಿರಪಾಯ ಭೇದಗಳನ್ನು ಮಾತ್ರ ಅಳಿಸಿದ ಬಿಗಿಯಾದ ಕೀಲಿ ಒಂದು. ಉಳಿದ ಭೇದಗಳನ್ನೂ ಅಳಿಸಿದ ಸಡಿಲವಾದ ಕೀಲಿ ಇನ್ನೊಂದು. ಮೊದಲನೆಯದರಿಂದ ನಿಶ್ಚಿತವಾದ ಹೊಂದಿಕೆಗಳು, ಎರಡನೆಯದರಿಂದ ಸಂಭಾವ್ಯವಾದ ಹೊಂದಿಕೆಗಳು ದೊರೆಯುತ್ತವೆ. ಸಂಭಾವ್ಯವಾದವನ್ನು ಒಪ್ಪುವುದೂ ಬಿಡುವುದೂ ವಿದ್ವಾಂಸರ ಕೆಲಸ.

ಸಡಿಲ ಕೀಲಿಯಿಂದ ಇನ್ನೊಂದು ಲಾಭವುಂಟು. ಪಾಠಗಳು ಎಷ್ಟು ಹತ್ತಿರವಾಗಿವೆ ಎಂಬುದನ್ನು ಅಕ್ಷರಶಃ ಅಳೆಯುವ ಸೂಕ್ಷ್ಮ ಹೋಲಿಕೆ ಬಹಳ ಕಾಲ ಹಿಡಿಯುವಂಥದು. ೧೨,೦೦೦ ಪ್ರತಿಗಳಲ್ಲಿ ಎರಡೆರಡನ್ನು ಜೋಡಿಸಿದರೆ ೭ ಕೋಟಿ ೧೯ ಲಕ್ಷ ೯೪ ಸಾವಿರ ಜೋಡಿಗಳಾಗುತ್ತವೆ. ಸಡಿಲ ಕೀಲಿಯಿಂದ ಅವನ್ನು ತಲಾ ಹತ್ತು ಪ್ರತಿಗಳ ೧,೨೦೦ ಗುಂಪುಗಳಾಗಿ ವಿಂಗಡಿಸಿ ಆಯಾ ಗುಂಪಿನೊಳಗೆ ಮಾತ್ರ ಹೋಲಿಸಿದರೆ ಜೋಡಿಗಳು ೫೪,೦೦೦ ಮಾತ್ರ.

ಇಷ್ಟೆಲ್ಲ ಮಾಡುವಾಗ ಒಂದು ನಿಯಮವನ್ನು ಮೀರಬಾರದು. ಕೀಲಿಯು ಮೂಲಪಾಠದ ಪಕ್ಕದಲ್ಲಿ ಇರಬೇಕು. ಮೂಲಪಾಠದ ಸ್ಥಾನದಲ್ಲಿ ಅಲ್ಲ. ವೇಗದ ಆಸೆಯಿಂದ ಓಲೆಯ ಧರ್ಮ್ಮವನ್ನು ಧರ್ಮವೆಂದು ತಿದ್ದಿ ದಾಖಲಿಸಿದರೆ ಲಿಪಿಕಾರನ ಪದ್ಧತಿ, ಪ್ರತಿಯ ಕಾಲ, ಪ್ರತಿಗಳ ಪರಸ್ಪರ ಸಂಬಂಧ ಇವುಗಳಿಗೆ ಇದ್ದ ಸಾಕ್ಷ್ಯ ನಾಶವಾದಂತೆ. ಕೀಲಿಯನ್ನು ಮೂಲದಿಂದ ಎಂದು ಬೇಕಾದರೂ ಮತ್ತೆ ಪಡೆಯಬಹುದು. ಕೀಲಿಯಿಂದ ಮೂಲವನ್ನು ಎಂದಿಗೂ ಪಡೆಯಲಾಗದು.

೫. ಪೃಚ್ಛೆಗಳ ಸಂಖ್ಯೆಯನ್ನು ತಗ್ಗಿಸುವುದು

ಒಂದೊಂದು ಪೃಚ್ಛೆಯೂ ಶೀಘ್ರವಾಗಿದ್ದು ಒಟ್ಟು ಕೆಲಸ ನಿಧಾನವಾಗುವ ಬಗೆಯೂ ಇದೆ. ಆಜ್ಞಾವಳಿಯು ಮೊದಲು ಪ್ರತಿಗಳ ಪಟ್ಟಿಯನ್ನು ತರುತ್ತದೆ; ಆಮೇಲೆ ಒಂದೊಂದು ಪ್ರತಿಗೂ ಕೃತಿಯ ಹೆಸರೇನು, ಕರ್ತೃ ಯಾರು, ಭಂಡಾರ ಯಾವುದು ಎಂದು ಮೂರು ಪೃಚ್ಛೆಗಳನ್ನು ಬೇರೆ ಬೇರೆಯಾಗಿ ಕೇಳುತ್ತದೆ. ೧೨,೦೦೦ ಪ್ರತಿಗಳಿಗೆ ೩೬,೦೦೦ ಪೃಚ್ಛೆಗಳಾದವು. ದತ್ತಸಂಚಯವು ಬೇರೆ ಊರಿನ ಯಂತ್ರದಲ್ಲಿದ್ದು, ಹೋಗಿಬರುವುದಕ್ಕೇ ಸೆಕೆಂಡಿನ ನೂರರಲ್ಲಿ ಒಂದು ಭಾಗ ಹಿಡಿಯುವುದೆಂದು ಎಣಿಸಿದರೂ ಹಾದಿಯಲ್ಲಿಯೇ ಆರು ನಿಮಿಷಗಳು ಕಳೆದಂತೆ. ಒಂದೊಂದು ಓಲೆಗೂ ಒಂದೊಂದು ಸಲ ಭಂಡಾರಕ್ಕೆ ಹೋಗಿಬರುವ ಪರಿ ಇದು.

ಕೋಷ್ಟಕಗಳನ್ನು ಪರಸ್ಪರ ಕೂಡಿಸಿ ಕೇಳುವ ಜಾಯಿನ್ ಎಂಬ ಪ್ರಯೋಗದಿಂದ ಈ ೩೬,೦೦೦ ಪೃಚ್ಛೆಗಳನ್ನು ಒಂದೇ ಪೃಚ್ಛೆಯಲ್ಲಿ ಅಡಗಿಸಬಹುದು. ಭಂಡಾರಗಳ ಪಟ್ಟಿಯಂಥ ಚಿಕ್ಕ ಕೋಷ್ಟಕವಾದರೆ ಅದನ್ನು ಮೊದಲೇ ಪೂರ್ತಿ ಓದಿ ಯಂತ್ರದ ಸ್ಮೃತಿಯಲ್ಲಿ ಇಟ್ಟುಕೊಂಡರೂ ಆದೀತು. ಆವಶ್ಯಕವಾದ ಅಂಕಣಗಳನ್ನು ಮಾತ್ರ ಕೇಳಬೇಕು. ಹೆಸರು ಬೇಕಾದೆಡೆ ಪುಷ್ಪಿಕೆಯ ಪೂರ್ಣಪಾಠವನ್ನೂ ಗರಿಗಳ ಛಾಯಾಚಿತ್ರಗಳನ್ನೂ ಹೊರಿಸಿ ತರಿಸುವುದು ವ್ಯರ್ಥ.

ಬರೆಯುವ ಕೆಲಸದಲ್ಲಿಯೂ ಇದೇ ನ್ಯಾಯ. ಒಂದೊಂದು ದಾಖಲೆಯನ್ನು ಸೇರಿಸಿದಾಗಲೂ ಅದು ತಟ್ಟೆಯಲ್ಲಿ ಭದ್ರವಾಯಿತೆಂದು ಖಚಿತವಾಗುವ ವರೆಗೆ ದತ್ತಸಂಚಯವು ಕಾಯುತ್ತದೆ. ಅನೇಕ ದಾಖಲೆಗಳನ್ನು ಟ್ರಾನ್ಸಾಕ್ಷನ್ ಎಂಬ ಒಂದೇ ವ್ಯವಹಾರವಾಗಿ ಒಟ್ಟುಗೂಡಿಸಿದರೆ ಆ ಕಾಯುವಿಕೆ ಒಮ್ಮೆಗೆ ಮುಗಿಯುತ್ತದೆ. ನಡುವೆ ವಿದ್ಯುತ್ತು ನಿಂತರೂ ಅರ್ಧ ಸೇರಿ ಅರ್ಧ ಉಳಿಯುವ ಅವಸ್ಥೆ ಬಾರದೆಂಬುದು ಇದರ ಇನ್ನೊಂದು ಗುಣ. ಬಹುಸಂಖ್ಯೆಯ ದಾಖಲೆಗಳು ಸೇರಿದ ಮೇಲೆ ಅನಲೈಜ್ ಎಂಬ ಆದೇಶವನ್ನು ನಡೆಸಿದರೆ ಯಾವ ಅಂಕಣದಲ್ಲಿ ಎಂಥ ಮೌಲ್ಯಗಳು ಎಷ್ಟಿವೆ ಎಂಬ ಲೆಕ್ಕವನ್ನು ಯಂತ್ರವು ಹೊಸದಾಗಿ ತಿಳಿದುಕೊಂಡು ದಾರಿಯನ್ನು ಸರಿಯಾಗಿ ಆರಿಸುತ್ತದೆ.

೬. ವೇಗ ಮತ್ತು ಯಾಥಾರ್ಥ್ಯ

ಶೀಘ್ರಗೊಳಿಸಿದ ಪೃಚ್ಛೆಯು ಹಿಂದಿನ ಉತ್ತರವನ್ನೇ ಕೊಡುತ್ತಿದೆಯೇ ಎಂಬುದು ಕೊನೆಯ ಹಾಗೂ ಮುಖ್ಯವಾದ ವಿಚಾರ. ಇಲ್ಲಿ ಹಸ್ತಪ್ರತಿ ಸೂಚಿಗೆ ವಿಶೇಷವಾಗಿ ಒದಗುವ ಒಂದು ಅಪಾಯವನ್ನು ಹೇಳಬೇಕು. ಕೃತಿ ಮತ್ತು ಕರ್ತೃ ಕೋಷ್ಟಕಗಳನ್ನು ಸಾಮಾನ್ಯ ಜಾಯಿನ್‌ನಿಂದ ಕೂಡಿಸಿದರೆ ಎರಡು ಕಡೆಯೂ ಹೊಂದಿಕೆಯುಳ್ಳ ಸಾಲುಗಳು ಮಾತ್ರ ಬರುತ್ತವೆ. ಕರ್ತೃವಿನ ಸ್ಥಾನ ಬರಿದಾಗಿರುವ ಕೃತಿ, ಎಂದರೆ ಅಜ್ಞಾತಕರ್ತೃಕವಾದ ಕೃತಿ, ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಯಂತ್ರವು ದೋಷವನ್ನು ಸೂಚಿಸುವುದಿಲ್ಲ; ಪಟ್ಟಿ ಅಂದವಾಗಿ, ಬೇಗನೆ ಬರುತ್ತದೆ. ಆದರೆ ಸಂಶೋಧಕನು ಅರಸಬ��ಕಾದುದು ಆ ಬಿಟ್ಟುಹೋದ ಕೃತಿಗಳನ್ನೇ. ವಡ್ಡಾರಾಧನೆಯ ಕರ್ತೃವು ಶಿವಕೋಟ್ಯಾಚಾರ್ಯನೋ ಭ್ರಾಜಿಷ್ಣುವೋ ಎಂಬ ಚರ್ಚೆಯಿರುವಾಗ ಸೂಚಿಕಾರನು ಆ ಸ್ಥಾನವನ್ನು ಬರಿದು ಬಿಟ್ಟಿದ್ದರೆ, ಕನ್ನಡದ ಅಂಥ ಗದ್ಯಕೃತಿಯೂ ಪಟ್ಟಿಯಿಂದ ಮಾಯವಾದೀತು. ಲೆಫ್ಟ್ ಜಾಯಿನ್ ಎಂಬ ಪ್ರಯೋಗವು ಕೃತಿಗಳೆಲ್ಲವನ್ನೂ ಉಳಿಸಿಕೊಂಡು ಕರ್ತೃ ತಿಳಿಯದೆಡೆ ಬರಿದಾಗಿ ತೋರುತ್ತದೆ. ಇಂಥ ಪಟ್ಟಿಗಳಿಗೆ ಅದೇ ತಕ್ಕುದು.

ಇದಕ್ಕೆ ವಿರುದ್ಧವಾದ ದೋಷವೂ ಉಂಟು. ಒಂದು ಪ್ರತಿಗೆ ಇಬ್ಬರು ಲಿಪಿಕಾರರಿದ್ದರೆ ಲಿಪಿಕಾರರ ಕೋಷ್ಟಕವನ್ನು ಕೂಡಿಸಿದಾಗ ಅದೇ ಪ್ರತಿ ಎರಡು ಸಲ ಬಂದು, ಎಣಿಕೆಯಲ್ಲಿ ಎರಡಾಗುತ್ತದೆ. ಒಂದು ಕೃತಿಗೆ ಇಷ್ಟು ಪ್ರತಿಗಳುಂಟೆಂದು ಪೀಠಿಕೆಯಲ್ಲಿ ಬರೆಯುವ ಮುನ್ನ ಈ ಎಣಿಕೆಯನ್ನು ಪರೀಕ್ಷಿಸಬೇಕು.

ಆದುದರಿಂದ ಹಳೆಯ ಪೃಚ್ಛೆಯನ್ನು ತೆಗೆದುಹಾಕದೆ ಉಳಿಸಿಕೊಂಡು, ಚಿಕ್ಕದೊಂದು ಭಾಗದ ಮೇಲೆ, ಒಂದು ಭಂಡಾರದ ಪ್ರತಿಗಳ ಮೇಲೆ ಎನ್ನೋಣ, ಹಳೆಯದು ಹೊಸದು ಎರಡನ್ನೂ ನಡೆಸಿ, ಫಲಗಳನ್ನು ಸಾಲುಸಾಲಾಗಿ ಹೋಲಿಸಬೇಕು. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಪ್ರತಿ ಒಂದೇ ಆದರೂ ಅದಕ್ಕೆ ಕಾರಣ ತಿಳಿಯುವ ವರೆಗೆ ಹೊಸ ಪೃಚ್ಛೆಯನ್ನು ಅಂಗೀಕರಿಸಬಾರದು. ಪಾಠಾಂತರಗಳ ಸಂಕಲನದಲ್ಲಿ ಪಾಲಿಸುವ ನಿಷ್ಠೆ ಇಲ್ಲಿಯೂ ಬೇಕು. ಭಾಗದ ಪರೀಕ್ಷೆಯಲ್ಲಿ ಅಜ್ಞಾತಕರ್ತೃಕ ಕೃತಿಗಳು, ಆದಿ ಮುರಿದ ಪ್ರತಿಗಳು, ಅನೇಕ ಕೃತಿಗಳುಳ್ಳ ಕಟ್ಟುಗಳು ಇವು ಮೂರೂ ಸೇರಿರುವಂತೆ ನೋಡಿಕೊಂಡರೆ ಬಹುತೇಕ ದೋಷಗಳು ಅಲ್ಲಿಯೇ ಬಯಲಾಗುತ್ತವೆ.

೭. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಶೋಧನೆಯ ಮಂದಗತಿಗೆ ಯಂತ್ರದ ದೌರ್ಬಲ್ಯಕ್ಕಿಂತ ಪೂರ್ವಸಿದ್ಧತೆಯ ಕೊರತೆಯೇ ಹೆಚ್ಚಿನ ಸಂದರ್ಭಗಳಲ್ಲಿ ಕಾರಣ. ಅಳೆಯುವುದು, ಯಂತ್ರದ ದಾರಿಯನ್ನು ಪರೀಕ್ಷಿಸುವುದು, ತಕ್ಕ ಅಂಕಣಕ್ಕೆ ಅನುಕ್ರಮಣಿ ರಚಿಸುವುದು, ಕೀಲಿಯನ್ನು ಮೊದಲೇ ಸಿದ್ಧಗೊಳಿಸುವುದು, ಪೃಚ್ಛೆಗಳನ್ನು ಒಟ್ಟುಗೂಡಿಸುವುದು, ಫಲವನ್ನು ತಾಳೆ ನೋಡುವುದು ಎಂಬ ಕ್ರಮದಲ್ಲಿ ನಡೆದರೆ ಇರುಳೆಲ್ಲ ಹಿಡಿಯುವ ಕೆಲಸ ಅನೇಕ ವೇಳೆ ನಿಮಿಷಗಳಿಗೆ ಇಳಿಯುತ್ತದೆ.

ಈ ಹೆಜ್ಜೆಗಳಲ್ಲಿ ಮೊದಲೆರಡು ಮತ್ತು ಐದನೆಯದು ಗಣಕದವನವು. ಉಳಿದ ಮೂರು ಅವನೊಬ್ಬನಿಂದ ಆಗತಕ್ಕವಲ್ಲ. ನಮಸ್ಕಾರವಾಕ್ಯ ಯಾವುದು ಕೃತಿಯ ಆದಿ ಯಾವುದು, ಯಾವ ಅಕ್ಷರಭೇದ ಲಿಪಿಕಾರನ ರೂಢಿ ಯಾವುದು ನಿಜವಾದ ಪಾಠಾಂತರ, ಯಾವ ಎರಡು ಹೆಸರುಗಳು ಒಂದೇ ಕೃತಿಯವು ಎಂಬುದನ್ನು ಹೇಳಬಲ್ಲವರು ಓಲೆಗಳೊಡನೆ ಬಾಳಿದ ಪಂಡಿತರೇ. ಅವರ ಆ ತಿಳಿವಳಿಕೆ ಕೀಲಿಯ ನಿಯಮಗಳಾಗಿ ಬರಹಕ್ಕೆ ಇಳಿಯಬೇಕಾದುದು ಇಂದಿನ ಅಗತ್ಯ. ಭಂಡಾರಗಳ ಸೂಚಿಗಳನ್ನು ಗಣಕಕ್ಕೆ ಏರಿಸುವ ಸಂಸ್ಥೆಗಳು ಇಂಥ ನಿಯಮಾವಳಿಯನ್ನು ದಾಖಲೆಯ ಕೆಲಸಕ್ಕೆ ಮೊದಲೇ ಸಿದ್ಧಪಡಿಸಿ, ಸೂಚಿಯೊಡನೆಯೇ ಪ್ರಕಟಿಸುವುದು ಯುಕ್ತ. ಆಗ ಮುಂದಿನ ಸಂಶೋಧಕನಿಗೆ ದೊರೆತ ಉತ್ತರ ಯಾವ ನಿಯಮದಿಂದ ದೊರೆಯಿತೆಂಬುದು ತಿಳಿಯುತ್ತದೆ. ನಿಯಮ ತಪ್ಪಾಗಿದ್ದರೆ ತಿದ್ದಿ ಮತ್ತೆ ಕೇಳಲು ಅವಕಾಶವೂ ಉಳಿಯುತ್ತದೆ.